ಜೂಜಿನಲ್ಲಿ ಸೋತ ಟಗರು

ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಆದವಾನಿಯ ಹೊರವಲಯದ ಠಾಣೆಗೆ ಒಂದು ಕಳವಿನ ದೂರು ಬಂತು. ಕಳುವಾದದ್ದು ಟಗರು. ದೂರು ತಂದವನು ಜಿನ್ನಿಂಗ್ ಮಿಲ್ಲಿನ ಮಾಲೀಕ ಜಗದೀಶ. ಹತ್ತಿಯ ಹಂಗಾಮಿನಲ್ಲಿ ಅವನು ಕೆಮ್ಮಿದರೂ ಮಾರುಕಟ್ಟೆಯಲ್ಲಿ ದರ ಏರುತ್ತದೆ ಎಂದು ಜನ ಆಡಿಕೊಳ್ಳುವಂಥ ಕುಳ. ಅಂಥವನು ಒಂದು ಟಗರಿಗಾಗಿ ತಾನೇ ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಕಂಡು ಹೆಡ್ ಕಾನ್‌ಸ್ಟೇಬಲ್ ಭೀಮಲಿಂಗಪ್ಪ ಬಾಯಿಗಿಟ್ಟ ಚಹದ ಲೋಟವನ್ನು ಕೆಳಗಿಟ್ಟ.

ಎಸ್‌ಐ ಸುಹಾಸಿನಿ ಕುರ್ಚಿ ತೋರಿಸಿದಳು. ಅವಳು ಮದ್ದಿಕೇರದ ಕಡೆಯ ಕುರಿ ಸಾಕುವ ಮನೆಯ ಮಗಳು. ಟಗರು ಎಂದರೆ ಅವಳಿಗೆ ನಗು ಬರುವುದಿಲ್ಲ.

“ಯಾವಾಗಿಂದ ಕಾಣ್ತಿಲ್ಲ?”

“ನಿನ್ನೆ ಸಂಜಿಯಿಂದ್ರಿ ಮೇಡಂ. ಮಿಲ್ಲಿನ ಹಿಂದ ಕಟ್ಟಿಸಿದ್ದೆ. ಹೊತ್ತು ಮುಳುಗೂಮುಂದ ನೋಡಿದ್ರ ಗೂಟ ಐತಿ, ಟಗರಿಲ್ಲ.”

“ಗುರುತು?”

“ಕರೀ ಮುಖ, ಸುತ್ತಿದ ಕೊಂಬು, ಕಿವ್ಯಾಗ ಹಳದಿ ಟ್ಯಾಗ್. ನಮ್ಮ ಅಡಿಗಿಯವನ್ನ ಗುಮ್ಮಿ ಹಾಸಿಗಿ ಹಿಡಿಸೈತಿ. ಹತ್ರ ಹೋದವರನ್ನ ಬಿಡಾಂಗಿಲ್ಲ.”

“ಎಲ್ಲಿ ಕೊಂಡ್ರಿ?”

ಜಗದೀಶ ಬಲಗೈಯ ಉಂಗುರವನ್ನು ತಿಕ್ಕಿದ. “ಪೆದ್ದಕಡುಬೂರಿನ ಆಂಜಿ ಅಂತ ಒಬ್ಬ ಅದಾನ. ಅವನ ಹತ್ರ. ಬರೋ ಐತಾರ ನಮ್ಮನ್ಯಾಗ ಬೀಗರ ಊಟ ಐತ್ರಿ. ಅಷ್ಟರೊಳಗ ಹುಡುಕಿ ಕೊಟ್ರ ಉಪಕಾರ.”

ಅಂದರೆ ಟಗರು ಸಿಕ್ಕರೆ ಭಾನುವಾರ ಎಲೆಗೆ ಬೀಳುತ್ತದೆ. ಸುಹಾಸಿನಿ ಎಫ್‌ಐಆರ್ ಬರೆಸಿದಳು. ಗಡಿಯ ಆ ಠಾಣೆಯಲ್ಲಿ ಮಾತು ಕನ್ನಡ, ಬರಹ ತೆಲುಗು. ಜಗದೀಶ ಸಹಿ ಹಾಕಿ ಹೋದ.

“ಒಂದು ಟಗರಿಗಿ ಎಫ್‌ಐಆರ್ ಬೇಕಿತ್ತೇನ್ರಿ?” ಎಂದ ಭೀಮಲಿಂಗಪ್ಪ. “ಇಬ್ಬರನ್ನೂ ಕೂಡಿಸಿ ಮಾತಾಡಿದ್ರ ಮುಗೀತಿತ್ತು.”

“ನನ್ನ ಠಾಣ್ಯಾಗ ದೂರು ಬಂತಂದ್ರ ಬರದ ಬರೀತೀವಿ.”

“ಗೊತ್ತೈತ್ರಿ. ಊರಾಗ ನಿಮಗ ಎಫ್‌ಐಆರಮ್ಮ ಅಂತಾರ.”

“ಅನ್ಲಿ. ಜೀಪ್ ತೆಗಿ.”

ಮಿಲ್ಲಿನ ಹಿಂದೆ ಪಂಚನಾಮೆ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೂಟ ಅಲುಗಿರಲಿಲ್ಲ. ಹಗ್ಗವನ್ನು ಯಾರೋ ನಿಧಾನವಾಗಿ ಬಿಚ್ಚಿ, ಸುರುಳಿ ಸುತ್ತಿ, ಗೂಟಕ್ಕೇ ತೂಗುಹಾಕಿ ಹೋಗಿದ್ದರು. ಕಳ್ಳನಿಗೆ ಇಷ್ಟು ಶಿಸ್ತು ಯಾಕೆ ಬಂತೋ ದೇವರಿಗೇ ಗೊತ್ತು. ಹುಲ್ಲಿನ ಮೇಲೆ ಬೆಲ್ಲದ ಚೂರುಗಳಿದ್ದವು. ಗೇಟಿನ ಮೊಳೆಗೆ ಕರಿ ಕಂಬಳಿಯ ಎಳೆ ಸಿಕ್ಕಿಕೊಂಡಿತ್ತು.

ಕಾವಲುಗಾರ ಶ್ರೀನು ಮೊದಲು “ನಾಕೇಂ ತೆಲೀದು ಮೇಡಂ” ಎಂದು ತೆಲುಗಿನಲ್ಲಿ ತನಗೇನೂ ಗೊತ್ತಿಲ್ಲವೆಂದ. ಭೀಮಲಿಂಗಪ್ಪ ಮೀಸೆ ಸವರಿದ ಕೂಡಲೇ ಎಲ್ಲವೂ ನೆನಪಾಯಿತು.

“ಹತ್ತಿ ಗಾಡಿ ಬರೋ ಹೊತ್ತು ಮೇಡಂ. ಕಂಬಳಿ ಹೊದ್ದವರು ಯಾರೋ ಹೊಂಟಿದ್ರು. ಬೆನ್ನು ಅಷ್ಟ ಕಂಡೆ. ಟಗರು ಹಿಂದಿಂದ ಹೊಂಟಿತ್ತು.”

“ಕೂಗಬೇಕಿತ್ತಲ್ಲ?”

“ಹಗ್ಗಿಲ್ಲ, ಎಳಿಯಾದಿಲ್ಲ, ಮನೀ ನಾಯಿ ಹಂಗ ತಾನ ಹೊಂಟಿತ್ತು. ಅದು ಕಳವು ಅಂತ ನನಗ ಹೆಂಗ ತಿಳೀಬೇಕ್ರಿ?”

ಮಿಲ್ಲಿನ ಮಹಡಿಯ ಕೋಣೆಯಲ್ಲಿ ಹಸಿರು ಬಟ್ಟೆ ಹೊದಿಸಿದ ದುಂಡು ಮೇಜು, ಅದರ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು, ಒಂದು ಕಟ್ಟು ಇಸ್ಪೀಟ್ ಎಲೆ. ಸುಹಾಸಿನಿಗೆ ನೋಡಿದೊಡನೆ ತಿಳಿಯಿತು. ಪೋಕರ್! ಪೊಲೀಸ್ ತರಬೇತಿಯ ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ಬೆಂಕಿಕಡ್ಡಿ ಪಣವಿಟ್ಟು ಎಷ್ಟು ರಜೆಗಳನ್ನು ಅವಳು ಈ ಆಟಕ್ಕೆ ಸುರಿದಿದ್ದಳೋ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡೆಲೆ. ನಡುವೆ ಎಲ್ಲರಿಗೂ ಸೇರಿ ಐದೆಲೆ, ಒಂದಾದ ಮೇಲೊಂದು ತೆರೆಯುತ್ತ ಹೋಗುತ್ತದೆ. ತೆರೆದಾಗಲೆಲ್ಲ ಪಣ ಏರಿಸಬೇಕು, ಸರಿಗಟ್ಟಬೇಕು, ಇಲ್ಲವೇ ಎಲೆ ಮಡಚಿ ಎದ್ದುಬಿಡಬೇಕು. ಕೈಯಲ್ಲಿ ಏನೂ ಇಲ್ಲದವನೂ ಗತ್ತಿನಿಂದ ಪಣ ಏರಿಸಿ ಎದುರಿನವರನ್ನು ಓಡಿಸಬಹುದು. ಅದಕ್ಕೆ ಬ್ಲಫ್ ಎನ್ನುತ್ತಾರೆ.

ಅವಳಿಗೆ ಆಟ ಕಲಿಸಿದ ಗೆಳತಿ ಒಂದು ಮಾತು ಹೇಳುತ್ತಿದ್ದಳು. ಎದುರಿನವನ ಹತ್ತಿರ ಇಂಥದೇ ಎಲೆ ಇದೆ ಎಂದು ಒಂದಕ್ಕೆ ಜೋತುಬೀಳಬೇಡ. ಏನೇನು ಇರಬಹುದೋ ಅಷ್ಟನ್ನೂ ಮನಸ್ಸಿನಲ್ಲಿ ಹರಡಿಕೋ. ಅವನು ಪಣ ಇಟ್ಟಾಗೊಮ್ಮೆ, ಆ ನಡೆಗೆ ಒಪ್ಪದ್ದನ್ನು ತೆಗೆದುಹಾಕುತ್ತ ಬಾ. ಕೊನೆಗೆ ಉಳಿದದ್ದು ಅವನ ಕೈ. ತನಿಖೆಯಲ್ಲೂ ಸುಹಾಸಿನಿಯದು ಇದೇ ದಾರಿ.

“ಜಗದೀಶ ಟಗರು ಕೊಂಡಿಲ್ಲ,” ಎಂದಳು ಜೀಪಿನಲ್ಲಿ. “ಈ ಮೇಜಿನ ಮ್ಯಾಲ ಗೆದ್ದಾನ.”

“ಅದ್ಹೆಂಗ ಹೇಳ್ತೀರಿ?”

“ಎಲ್ಲಿ ಕೊಂಡ್ರಿ ಅಂದಕೂಡ್ಲೆ ಉಂಗುರ ತಿಕ್ಕಿದ. ಈಗ ಕಳ್ಳರ ಲೆಕ್ಕ ಹಾಕು. ಶ್ರೀನು ಮಾರಿಕೊಂಡಿರಬೇಕು, ಇಲ್ಲಾ ಆಂಜಿ ತಿರುಗಿ ಒಯ್ದಿರಬೇಕು, ಇಲ್ಲಾ ಆಂಜಿ ಕಡೆಯವರು.”

“ಶ್ರೀನು ಅಲ್ರಿ. ಆ ಟಗರು ಅವನ್ನ ಗೇಟಿನ ತನಾನೂ ಬಿಡ್ತಿರಲಿಲ್ಲ.”

ಶ್ರೀನುವಿನ ಎಲೆ ಅಲ್ಲಿಗೆ ಮಡಚಿತು. ಗುಮ್ಮುವ ಟಗರನ್ನು ಬೆಲ್ಲ ತಿನ್ನಿಸಿ ನಡೆಸಿಕೊಂಡು ಹೋಗುವುದು ಅದರ ಮನೆಯವರಿಗಷ್ಟೇ ಸಾಧ್ಯ.

ಪೆದ್ದಕಡುಬೂರಿನಲ್ಲಿ ಆಂಜಿಯ ಮನೆಯ ಮುಂದೆ ಕುರಿದೊಡ್ಡಿ. ಆಂಜಿ ಪೊಲೀಸರನ್ನು ಕಂಡವನೇ ತಲೆ ತಗ್ಗಿಸಿದ. ಅವನ ಹೆಂಡತಿ ಹಾರಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಟಗರು ಮಾರಿದ್ದೋ, ಸೋತಿದ್ದೋ?” ಸುಹಾಸಿನಿ ಕೇಳಿದಳು.

ಆಂಜಿ ಹೆಂಡತಿಯ ಮುಖ ನೋಡಿದ. “ಸೋತಿದ್ರಿ.”

“ಹೇಳು.”

ಅವನು ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಜಗದೀಶ ಗೋವಾಕ್ಕೆ ಹೋಗಿ ಆ ಆಟ ಕಲಿತು ಬಂದಿದ್ದ. ಕುರಿ ಕೊಳ್ಳಲು ಮಿಲ್ಲಿಗೆ ಕರೆಸಿದವನು ಆಟಕ್ಕೂ ಕೂಡಿಸಿದ. ಕಳೆದ ಭಾನುವಾರ ಮೇಜಿನಲ್ಲಿ ಕುರಿ ದಲ್ಲಾಳಿ ಮಾರೆಣ್ಣನೂ ಇದ್ದ. ಎಪ್ಪತ್ತು ದಾಟಿದ ಮುದುಕ. ಅವನೆದುರು ಎಲೆ ಮುಚ್ಚಿ ಹಿಡಿಯುವುದೇ ದಂಡ, ಮುಖ ನೋಡಿ ಕೈ ಹೇಳುತ್ತಾನೆ ಎಂಬ ಹೆಸರು ಅವನಿಗೆ. ಕೊನೆಯ ಆಟದಲ್ಲಿ ಆಂಜಿಗೆ ಎರಡು ರಾಜ ಬಂದಿದ್ದವು, ನಡುವೆ ಮೂರನೆಯ ರಾಜನೂ ತೆರೆದಿತ್ತು. ಮಾರೆಣ್ಣ ಆಗಲೇ ಮಡಚಿ ಕೂತಿದ್ದ. ಜಗದೀಶ ತನ್ನ ಮುಂದಿನ ಬಿಲ್ಲೆಗಳನ್ನೆಲ್ಲ ಒಳಗೆ ತಳ್ಳಿ, “ಸರಿಗಟ್ಟಬೇಕಂದ್ರ ನಿನ್ನ ಕರೀ ಮುಖದ ಟಗರು ಇಡು” ಅಂದ.

“ನಾ ಮಾರೆಣ್ಣ ತಾತನ್ನ ನೋಡಿದೆ. ಜಗದೀಶಣ್ಣ ಉಂಗುರ ತಿಕ್ತಿದ್ದ. ಉಂಗುರ ತಿಕ್ಕಿದ ಅಂದ್ರ ಕೈಯಾಗ ಏನೂ ಇಲ್ಲ ಅಂತ ತಾತನ ಲೆಕ್ಕ. ಅದು ಯಾವತ್ತೂ ತಪ್ಪಿದ್ದಿಲ್ಲ. ತಾತ ಹೂಂ ಅಂತ ಕತ್ತು ಹಾಕಿದ. ಇಟ್ಟೆ.”

“ಮತ್ತ?”

“ಐದೂ ಎಲಿ ಆಟೀನ್ ಜಾತಿವೇ ಕೂಡಿದ್ವು ಅವನಿಗಿ. ರಾಜರು ಮೂವರು ಇದ್ರೂ ಅದರ ಮುಂದ ಸೋಲೇ. ಉಂಗುರ ಹೊಸಾದಂತ್ರಿ. ಯಾರೋ ಜ್ಯೋತಿಷಿ ಹೇಳಿ ಹಾಕ್ಸಿದ್ದು. ಬಿಗಿಯಾಗಿ ತುರಿಸ್ತಿತ್ತಂತ.”

ಭೀಮಲಿಂಗಪ್ಪ ನಗು ತಡೆಯಲಾರದೆ ಕೆಮ್ಮಿನ ನೆವ ಮಾಡಿದ. ಹಾರಿಕಾ ಮಾತ್ರ ನಗಲಿಲ್ಲ. ಆ ಟಗರು ಹುಟ್ಟಿದ ದಿನವೇ ತಾಯಿ ಸತ್ತು, ಅವಳು ಬಾಟಲಿಯಲ್ಲಿ ಹಾಲೂಡಿಸಿ, ತನ್ನ ಕಂಬಳಿಯಲ್ಲೇ ಮಲಗಿಸಿ ಬೆಳೆಸಿದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಈ ಊರಿನಲ್ಲಿ ಅವಳಿಗಿದ್ದ ಮೊದಲ ಸ್ನೇಹವೇ ಅದು. ಪಶು ಆಸ್ಪತ್ರೆಯವರು ಹಾಕಿದ ಕಿವಿಯ ಟ್ಯಾಗ್ ಕೂಡ ಅವಳ ಹೆಸರಿನಲ್ಲೇ ದಾಖಲಾಗಿತ್ತು.

“ಬುಧವಾರ ಸಂಜಿಗಿ ಎಲ್ಲಿದ್ರಿ ಇಬ್ಬರೂ?”

“ಇಲ್ಲೇ. ಪಶು ಡಾಕ್ಟ್ರು ಬಂದು ಎಲ್ಲಾ ಕುರಿಗೂ ಸೂಜಿ ಹಾಕಿದ್ರು. ಇಡೀ ಓಣಿ ನೋಡೈತಿ,” ಎಂದಳು ಹಾರಿಕಾ.

“ನಿನ್ನ ಕರೀ ಕಂಬಳಿ ಎಲ್ಲಮ್ಮ?”

ಹಾರಿಕಾ ದೊಡ್ಡಿಯ ಕಡೆ ತಿರುಗಿದಳು. “ಒಗಿಲಿಕ್ಕ ಹಾಕೀನ್ರಿ.”

“ತೋರ್ಸು.”

“ಹರಿದಿತ್ತು. ಒಗದ್ಬಿಟ್ಟೆ... ಅಂದ್ರ ಬಿಸಾಕಿದೆ.”

ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. ಕಿವಿಯವರೆಗೂ ಕೆಂಪೇರಿತು. ಸುಹಾಸಿನಿಗೆ ಅವಳ ಕೆನ್ನೆ ಹಿಂಡಬೇಕೆನಿಸಿತು. ಟಗರು ಅವಳ ವಾಸನೆ ಹಿಡಿದು ಹಿಂಬಾಲಿಸಿದ ಕಂಬಳಿಯನ್ನು ಯಾರಿಗೋ ಕೊಟ್ಟಿದ್ದಾಳೆ, ಯಾಕೆಂದು ಕೇಳದೆಯೇ ಕೊಟ್ಟಿದ್ದಾಳೆ, ಈಗ ಆ ಹೆಸರನ್ನು ನುಂಗುತ್ತಿದ್ದಾಳೆ. ತಾನು ಸಿಕ್ಕಿಬಿದ್ದರೂ ಸರಿ, ಪಡೆದವನ ಹೆಸರು ಹೇಳುವವಳಲ್ಲ. ಇನ್ನು ಉಳಿದದ್ದು ಒಂದೇ ಎಲೆ, ಕತ್ತು ಹಾಕಿ ಟಗರು ಇಡಿಸಿದ ಮುದುಕನದು.

ಶುಕ್ರವಾರ ಕುರಿ ಸಂತೆ. ಧೂಳು, ಹಿಕ್ಕೆ, ಮೂರು ಭಾಷೆಯ ಬೈಗುಳ. ಮಾರೆಣ್ಣ ಬೇವಿನ ನೆರಳಿನಲ್ಲಿ ಹೆಗಲ ಮೇಲೆ ಟವಲ್ ಹಾಕಿಕೊಂಡು ಕೂತಿದ್ದ. ಆ ಟವಲ್ಲೇ ಅವನ ಅಂಗಡಿ, ಅದೇ ಅವನ ತಕ್ಕಡಿ. ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ.

“ಬರ್ರಿ ಮೇಡಂ. ಕುರಿ ಬೇಕೇನ್ರಿ?”

“ಟಗರು ಬೇಕಿತ್ತು ತಾತಾ. ಕರೀ ಮುಖದ್ದು.”

“ಅಂಥಾದ್ದು ಇವತ್ತ ಸಂತಿಗಿ ಬಂದಿಲ್ಲ.”

“ಬುಧವಾರ ಸಂಜಿಗಿ ಎಲ್ಲಿದ್ದಿ?”

“ಮನ್ಯಾಗ.”

“ಯಾರು ನೋಡ್ಯಾರ?”

“ಮುದುಕನ್ನ ಯಾರು ನೋಡ್ತಾರವ್ವ?”

“ಹಾರಿಕಾನ ಕಂಬಳಿ?”

“ಯಾವ ಕಂಬಳಿ?”

ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ರೆಪ್ಪೆ ಅಲುಗಲಿಲ್ಲ, ದನಿ ಏರಲಿಲ್ಲ. ಅಬ್ಬಾ ಮುದುಕ! ಇವನೆದುರು ಕೂತವರೆಲ್ಲ ಹೇಗೆ ಬೋಳಿಸಿಕೊಂಡು ಎದ್ದು ಹೋದರೆಂದು ಅವಳಿಗೀಗ ಅರ್ಥವಾಯಿತು. ಈ ಮುಖದಲ್ಲಿ ಓದಲು ಏನೂ ಸಿಗದು. ಹಾಗಾದರೆ ಮುಖವನ್ನು ಬಿಡಬೇಕು.

ಸುಹಾಸಿನಿ ಅವನ ಹೆಗಲ ಮೇಲಿನ ಟವಲ್ ಎಳೆದು ತನ್ನ ಬಲಗೈ ಮೇಲೆ ಹಾಕಿಕೊಂಡು ಚಾಚಿದಳು. ಸುತ್ತಲಿನ ದಲ್ಲಾಳಿಗಳು ತಿರುಗಿ ನೋಡಿದರು. ಭೀಮಲಿಂಗಪ್ಪ, “ಮೇಡಂ, ಹೆಣ್ಮಕ್ಕಳು ಹಂಗ ಕೈ ಕೊಡೋ ಪದ್ಧತಿಲ್ರಿ,” ಎಂದು ಪಿಸುಗುಟ್ಟಿದ.

“ನಮ್ಮವ್ವ ಸಂತ್ಯಾಗ ಕೊಡ್ತಿದ್ಲು. ಯಾವ ಗಂಡಸು ಬ್ಯಾಡಂದಿಲ್ಲ.”

ಅವ್ವನಿಂದಲೇ ಅವಳು ಸಂತೆಯ ಕಟ್ಟಳೆಯನ್ನೂ ಕಲಿತದ್ದು. ಟವಲ್ಲಿನ ಕೆಳಗೆ ಬೆಲೆಯಲ್ಲಿ ಎಷ್ಟು ಬೇಕಾದರೂ ಸುಳ್ಳಾಡು, ಅದು ವ್ಯಾಪಾರ. ಆದರೆ ಪ್ರಾಣಿ ಹೇಗಿದೆ ಎಂದು ಕೇಳಿದರೆ ಸುಳ್ಳು ಕೂಡದು. ಚೆನ್ನಾಗಿದ್ದರೆ ಹೆಬ್ಬೆರಳು ಒತ್ತಬೇಕು. ಖೋಡಿ ಇದ್ದರೆ ಕಿರುಬೆರಳು. ಅಲ್ಲಿ ತಪ್ಪಿದ ದಲ್ಲಾಳಿಗೆ ಮುಂದೆ ಯಾರೂ ಕೈ ಕೊಡುವುದಿಲ್ಲ. ಜೂಜಿನಲ್ಲಿ ಜಗಕ್ಕೇ ಮೋಸ ಮಾಡಿದ ಮಾರೆಣ್ಣ ಟವಲ್ಲಿನ ಕೆಳಗೆ ಒಂದು ಕುರಿಯ ಕೆಮ್ಮನ್ನೂ ಮುಚ್ಚಿಟ್ಟವನಲ್ಲ.

ಮುದುಕ ಚಾಚಿದ ಕೈಯನ್ನು ತುಸು ಹೊತ್ತು ನೋಡಿದ. ಆಮೇಲೆ ತನ್ನ ಕೈ ಒಳಗಿಟ್ಟ.

“ಟಗರು ಹೆಂಗ ಐತಿ ತಾತಾ?”

ಒರಟು ಹೆಬ್ಬೆರಳು ಅವಳ ಅಂಗೈಯನ್ನು ಮೆಲ್ಲನೆ, ಆದರೆ ಗಟ್ಟಿಯಾಗಿ ಒತ್ತಿತು.

ಸುಹಾಸಿನಿ ಟವಲ್ ಮಡಚಿ ಮತ್ತೆ ಅವನ ಹೆಗಲಿಗೆ ಹಾಕಿದಳು. “ಏಳು ತಾತಾ,” ಎಂದಳು. “ತೋರ್ಸು ನಡಿ.”

ಭೀಮಲಿಂಗಪ್ಪ ತಲೆ ಕೆರೆದುಕೊಂಡ. “ಇದನ್ನ ತೆಲುಗಿನಾಗ ಹೆಂಗ ಬರೀಲ್ರಿ ಮೇಡಂ? ಹೆಬ್ಬೆರಳು ಒತ್ತಿದ ಅಂತನಾ?”

“ಅದನ್ನ ಬರೀಬ್ಯಾಡ. ಟಗರು ಸಿಕ್ಕಿದ್ದು ಬರಿ.”

ಟಗರು ಗುಡ್ಡದ ಬುಡದಲ್ಲಿ ಕುರಿಗಾಹಿ ಕೊಟ್ರಬಸಪ್ಪನ ಹಿಂಡಿನಲ್ಲಿ ಮೇಯುತ್ತಿತ್ತು. ಮಾರೆಣ್ಣನ ಕುರಿ ಇರಬೇಕೆಂದು ಅವನು ಹಿಂಡಿಗೆ ಸೇರಿಸಿಕೊಂಡಿದ್ದನಂತೆ, ಹೆಚ್ಚಿಗೆ ಕೇಳಿರಲಿಲ್ಲ. ಪೊಲೀಸರು ಇಳಿದದ್ದೇ ತಡ, ಟಗರು ಓಡಿಬಂದು ಭೀಮಲಿಂಗಪ್ಪನ ಹಿಂಭಾಗಕ್ಕೆ ಒಂದು ಗುಮ್ಮು ಕೊಟ್ಟು ತನ್ನ ಗುರುತನ್ನು ತಾನೇ ಸಾಬೀತು ಮಾಡಿತು. ಕಂಬಳಿ ಬಂಡೆಯ ಮೇಲೆ ಮಡಚಿಟ್ಟಿತ್ತು. ಇಬ್ಬರು ಪಂಚರ ಮುಂದೆ ಜಪ್ತಿ ಪಂಚನಾಮೆ ನಡೆಯಿತು.

ಮಾರೆಣ್ಣ ಬೇಡಿ ಹಾಕುತ್ತಾರೆಂದು ಹೆದರಲಿಲ್ಲ, ಅಂಗಲಾಚಲಿಲ್ಲ. ಬರೆಯುವವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಟ್ಯಾಗ್ ನಂಬರ್ ಬರೀಪಾ. ಅದು ಯಾರ ಹೆಸರಿಲೆ ಐತಿ ಅದನ್ನೂ ಬರಿ. ಚೆಂದಾಗಿ ಬರಿ,” ಎಂದು ಎರಡೆರಡು ಸಲ ಹೇಳಿದ. ಸೋತವನಿಗೆ ಇಷ್ಟು ನೆಮ್ಮದಿ ಎಲ್ಲಿಂದ ಬಂತು ಎಂದು ಸುಹಾಸಿನಿಗೆ ಆಗಲೇ ಅನುಮಾನ ಹತ್ತಿತು. ಮಧ್ಯಾಹ್ನ ಎರಡು ಗಂಟೆಗೆ ಅವನನ್ನು ದಸ್ತಗಿರಿ ಮಾಡಿದಳು. ಜೂಜಿನ ಬಗ್ಗೆ ಪ್ರತ್ಯೇಕ ಕೇಸು ದಾಖಲಿಸಿ ಆಂಜಿ, ಮಾರೆಣ್ಣ, ಜಗದೀಶ ಮೂವರ ಹೆಸರನ್ನೂ ಸೇರಿಸಿದಳು.

ಸಂಜೆ ಜಗದೀಶ ಸಣ್ಣ ಲಾರಿ ತಂದ.

“ಸಿಕ್ತಂತಲ್ರಿ ಮೇಡಂ! ಒಯ್ತೀನಿ. ನಾಡಿದ್ದ ಊಟ ಐತಿ.”

“ಈಗ ಅದು ನಿಮ್ಮ ಟಗರಲ್ಲ. ಮುದ್ದೆಮಾಲು. ಕೋರ್ಟಿನ ಅಪ್ಪಣೆ ಇಲ್ದ ಅದರ ಕೂದಲೂ ಕತ್ತರಿಸಾಂಗಿಲ್ಲ.”

“ಕೋರ್ಟಿನಾಗ ಏನು ಹೇಳಬೇಕ್ರಿ?”

“ನಿಮ್ಮ ಕೈಗಿ ಹೆಂಗ ಬಂತು ಅಂತ ಹೇಳಬೇಕು. ಕೊಂಡೀನಿ ಅಂತ ದೂರಿನಾಗ ಬರ್ದೀರಿ. ಅದನ್ನ ಪ್ರಮಾಣ ಮಾಡಿ ಹೇಳಬೇಕು.”

ಜಗದೀಶ ಉಂಗುರ ತಿಕ್ಕಲು ಹೋದ. ತನ್ನ ಕೈಯನ್ನು ತಾನೇ ನೋಡಿಕೊಂಡು ಜೇಬಿಗೆ ಹಾಕಿದ. ಲಾರಿ ಖಾಲಿಯಾಗಿ ಹಿಂದಿರುಗಿತು.

ಶನಿವಾರ ಬೆಳಗ್ಗೆ ನ್ಯಾಯಾಲಯ. ಜೀವವಿರುವ ಮುದ್ದೆಮಾಲು, ಮೇವು ನೀರು ನೋಡುವವರು ಬೇಕು. ಟ್ಯಾಗ್ ಹಾರಿಕಾಳ ಹೆಸರಿನಲ್ಲಿತ್ತು. ಯಾರದಾದರೂ ತಕರಾರು ಇದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಜಗದೀಶ ಚಕಾರ ಎತ್ತಲಿಲ್ಲ. ಕೇಸು ಮುಗಿಯುವವರೆಗೆ ಟಗರು ಹಾರಿಕಾಳ ಸುಪರ್ದಿಗೆ, ಮಾರೆಣ್ಣ ಸದ್ಯಕ್ಕೆ ಜೈಲಿಗೆ ಎಂದಾಯಿತು.

ಆ ಹೊತ್ತಿಗೆ ಸುಹಾಸಿನಿಗೆ ಆಟವೆಲ್ಲ ಬಿಡಿಸಿಟ್ಟಂತೆ ಕಂಡಿತು. ಎರಡು ದಿನದಿಂದ ಮುದುಕನನ್ನು ತಾನು ಓದುತ್ತಿದ್ದೇನೆ ಅಂದುಕೊಂಡಿದ್ದಳು. ಓದಿದವನು ಅವನು! ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಜೀಪಿನಲ್ಲಿ ಮಾರೆಣ್ಣನ ಪಕ್ಕ ಕೂತು ಕೇಳಿದಳು. “ಸಂತ್ಯಾಗ ಕೈ ಹಿಂದಕ್ಕ ತಗೋಬಹುದಿತ್ತಲ್ಲ ತಾತಾ?”

“ತಗೋಬಹುದಿತ್ರಿ.”

“ಮತ್ತ?”

“ಗುಡ್ಡದಾಗ ಎಷ್ಟು ದಿನ ಅಡಗಿಸಲಿ? ಜಗದೀಶನ ಆಳಿಗಿ ಸಿಕ್ರ ಅವತ್ತ ಕೊಯ್ತಿದ್ರು. ಪೊಲೀಸರ ಬರಹದಾಗ ಬಂದ್ರ ಮುಟ್ಟಾಂಗಿಲ್ಲ. ಜೂಜಿನಾಗ ಗೆದ್ದೀನಿ ಅಂತ ಅವ ಕೋರ್ಟಿನಾಗ ಬಾಯಿ ಬಿಡಾಂಗಿಲ್ಲ. ಮಡಚ್ತಾನ ಅಂತ ಗೊತ್ತಿತ್ತು.”

“ನಾ ಕೇಸ್ ಬರೀದ ರಾಜಿ ಮಾಡ್ಸಿದ್ರ?”

“ನೀವು ಅಂಥವರಲ್ಲ ಅಂತ ಲೆಕ್ಕ ಹಾಕಿದ್ದೆ. ಆದ್ರ ಒಬ್ಬನ್ನ ತಪ್ಪಾಗಿ ಓದಿ ಇನ್ನೂ ನಾಕು ದಿನ ಆಗಿರಲಿಲ್ಲ ನೋಡ್ರಿ. ಎದಿ ಹೊಡ್ಕೋತಿತ್ತು.”

“ಈ ವಯಸ್ಸಿನಾಗ ಕಳ್ಳ ಅನ್ನಿಸಿಕೊಂಡಿ. ಒಂದು ಟಗರಿಗಿ?”

ಮಾರೆಣ್ಣ ಹೊರಗೆ ನೋಡಿದ. “ಸೋತ ಮರುದಿನ ಆಕಿ ಮನೀಗಿ ಹೋದೆ. ನನ್ನ ಮಾತು ಕೇಳಿ ನಿನ್ನ ಗಂಡ ಟಗರು ಇಟ್ಟ, ತಪ್ಪು ನಂದು ಅಂತ ಹೇಳಿದೆ. ಆಕಿ ಬೈದಿದ್ರ ಸುಮ್ನ ಬೈಸಿಕೊಂಡು ಬಂದಿರ್ತಿದ್ದೆ. ಬೈಲಿಲ್ಲ ಮೇಡಂ. ಬಿಸಿ ರೊಟ್ಟಿ ಹಾಕಿ, ಉಂಡು ಹೋಗು ತಾತಾ ಅಂದ್ಲು. ಆ ರೊಟ್ಟಿ ಗಂಟಲದಾಗ ಇಳೀಲಿಲ್ಲ. ಚಳಿ ಅಂತ ಸುಳ್ಳು ಹೇಳಿ ಕಂಬಳಿ ಕೇಳಿದೆ. ಅದನ್ನೂ ಕೊಟ್ಲು.”

ಡ್ರೈವರ್ ಜೀಪು ಹೊರಡಿಸುವಷ್ಟರಲ್ಲಿ ಕೋರ್ಟಿನ ಅಂಗಳದಿಂದ ಹಾರಿಕಾ ಓಡಿಬಂದಳು. ಟಗರಿನ ಹಗ್ಗವನ್ನು ಗಂಡನ ಕೈಗೆ ತುರುಕಿ ಬಂದವಳೇ ಕಿಟಕಿಯ ಸರಳು ಹಿಡಿದಳು.

“ಬುದ್ಧಿ ಐತೇನು ನಿನಗ, ಮುದಿ ಮೂಳ! ಈ ವಯಸ್ಸಿನಾಗ ಜೈಲಿಗಿ ಹೋಗ್ತಿಯಾ? ಮಂಡಿ ನೋವಿನವ ಅಲ್ಲಿ ನೆಲದ ಮ್ಯಾಲ ಹೆಂಗ ಮಲಗ್ತಿ? ಯಾರನ್ನ ಕೇಳಿ ಈ ಕೆಲಸ ಮಾಡಿದಿ? ಹೊರಗ ಬಾ, ನಿನಗ ಐತಿ!”

ಬೈಗುಳ ಸುರಿಯುತ್ತಲೇ ಇತ್ತು. ಭೀಮಲಿಂಗಪ್ಪ ತಡೆಯಲು ಇಳಿಯಹೋದ. ಸುಹಾಸಿನಿ ಬೇಡವೆಂದು ಅವನ ತೋಳು ಹಿಡಿದಳು. ಇಡೀ ಆದವಾನಿ ಯಾವತ್ತೂ ಓದಲಾಗದ ಆ ಮುಖ ಕದಲಿತು. ಮಾರೆಣ್ಣ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.